ಹತ್ತಿದರ ಹತ್ತಿತು, ಇಲ್ಲಂದರ ಇಲ್ಲ: ಎರೆಸೀಮೆಯ ಹಳೆ ಕಾರಿನ ಇಂಡಿಕೇಟರ್

ಪೂರ್ತಿ ಕೆಟ್ಟ ಇಂಡಿಕೇಟರನ್ನು ರಿಪೇರಿ ಮಾಡುವುದು ಸುಲಭದ ಕೆಲಸ. ತಲೆ ತಿನ್ನುವುದು ಒಮ್ಮೆ ಹತ್ತಿ ಇನ್ನೊಮ್ಮೆ ಹತ್ತದ ಇಂಡಿಕೇಟರು. ಗ್ಯಾರೇಜಿನ ಮುಂದೆ ನಿಲ್ಲಿಸಿದಾಗ ಅದು ಟಿಕ್ ಟಿಕ್ ಅಂತ ಚೆಂದ ಮಿನುಗುತ್ತದೆ. ಅದೇ ಕಾರು ನರಗುಂದ ದಾಟಿ, ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಲ್ಲಿ ಬೆನ್ನಿಗೆ ಲಾರಿ ಇರುವಾಗ ಹಳ್ಳಿಯ ದಾರಿಗೆ ಬಲಕ್ಕೆ ಹೊರಳಬೇಕೆಂದರೆ ದೀಪ ಸತ್ತಿರುತ್ತದೆ. "ನಿನ್ನೆ ಹತ್ತಿತ್ತರೀ, ಇವತ್ತ ಹತ್ತವಲ್ದು" ಎನ್ನುತ್ತಾನೆ ಮಾಲೀಕ. "ಈಗ ಹತ್ತಾಕತ್ತೈತಲ್ರೀ, ಏನ್ ರಿಪೇರಿ ಮಾಡ್ಲಿ?" ಎನ್ನುತ್ತಾನೆ ಮಿಸ್ತ್ರಿ. ಇಬ್ಬರೂ ಹೇಳುವುದು ನಿಜ. ಬಂದ ಗಿರಾಕಿಯನ್ನು ಬರಿಗೈಲಿ ಕಳಿಸಬಾರದೆಂದು ಮಿಸ್ತ್ರಿ ದೀಪ ಮಿನುಗಿಸುವ ಒಂದು ಹೊಸ ಡಬ್ಬಿ, ಅಂದರೆ ಫ್ಲ್ಯಾಷರ್, ಹಾಕಿ ಕಳಿಸುತ್ತಾನೆ. ವಾರ ಕಳೆದರೆ ಮತ್ತೆ ಅದೇ ಹಾಡು.

ರೋಣ, ನರಗುಂದ, ಗಜೇಂದ್ರಗಡ ಮೂರೂ ಗದಗ ಜಿಲ್ಲೆಯ ತಾಲ್ಲೂಕುಗಳು. ಈ ಸೀಮೆಯಲ್ಲಿ ಹಳೆ ಕಾರನ್ನು ಹೊಳಪು ಕೊಟ್ಟು ನೋಡಲಿಕ್ಕೆ ಇಟ್ಟಿರುವುದಿಲ್ಲ. ಅದು ಆಸ್ಪತ್ರೆಗೆ ಹೋಗುತ್ತದೆ, ಲಗ್ನಕ್ಕೆ ಹೋಗುತ್ತದೆ, ಹೊಲಕ್ಕೆ ಬೀಜದ ಚೀಲವನ್ನೂ ಹೊರುತ್ತದೆ. ಅಂಬಾಸಡರ್ 2014ರಲ್ಲಿ ನಿಂತಿತು, ಮಾರುತಿ 800 ಕೂಡ ಅದೇ ವರ್ಷದ ಜನವರಿಯಲ್ಲಿ ನಿಂತಿತು, ಓಮ್ನಿ 2019ರವರೆಗೆ ಬಂತು, ಪದ್ಮಿನಿ ಇವಕ್ಕಿಂತ ಬಹಳ ಮೊದಲೇ ಹೋಯಿತು. ತಯಾರಿಕೆ ನಿಂತರೂ ಗಾಡಿ ನಿಲ್ಲಲಿಲ್ಲ. 1997ರಲ್ಲಿ ಗದಗ ಜಿಲ್ಲೆ ಆಗುವ ಮೊದಲು ಈ ಸೀಮೆ ಧಾರವಾಡ ಜಿಲ್ಲೆಯಲ್ಲಿತ್ತು. ಹಾಗಾಗಿ ಕೆಎ 26ರ ನಡುವೆ ಕೆಎ 25ರ ಹಳೆ ಫಲಕ ಈಗಲೂ ಕಣ್ಣಿಗೆ ಬಿದ್ದರೆ ಅಚ್ಚರಿ ಇಲ್ಲ. ಅಂಥ ಗಾಡಿಯ ವೈರಿಂಗಿಗೆ ಕಾಲು ಶತಮಾನ ದಾಟಿದ ವಯಸ್ಸು.

ಈ ಸಮಸ್ಯೆಗೆ ಪೇಟೆಯಲ್ಲಿ ನಾಲ್ಕು ಬಗೆಯ ಉತ್ತರ ಸಿಗುತ್ತದೆ: ಫ್ಲ್ಯಾಷರ್ ಬದಲಿಸು, ಬಲ್ಬ್ ಬದಲಿಸು, ಎಲ್‌ಇಡಿ ಹಾಕಿಸು, ಇಡೀ ವೈರಿಂಗ್ ಕಿತ್ತು ಹೊಸದು ಎಳೆಸು. ನಾಲ್ಕನ್ನೂ ತೂಗಿ ನೋಡಿದ ಮೇಲೆ ನನಗೆ ಅನಿಸುವುದು ಇಷ್ಟು: ಬಂದು ಹೋಗುವ ದೋಷ ಭಾಗದಲ್ಲಿ ಇರುವುದು ಅಪರೂಪ, ಕೂಡಿಕೆಯಲ್ಲಿ ಇರುವುದೇ ವಾಡಿಕೆ. ಭಾಗ ಬದಲಿಸುವಾಗ ಅಕ್ಕಪಕ್ಕದ ವೈರು ಅಲುಗಾಡಿ ಕೂಡಿಕೆ ಸ್ವಲ್ಪ ಹೊತ್ತು ಸರಿಹೋಗುತ್ತದೆ, ಕೀರ್ತಿ ಹೊಸ ಭಾಗಕ್ಕೆ ಸಲ್ಲುತ್ತದೆ.

ಮಿನುಗುವುದು ಹೇಗೆ

ಮಿನುಗುವ ಇಂಡಿಕೇಟರು ಕಾರ್ಖಾನೆಯಿಂದಲೇ ಕಾರಿಗೆ ಬಂದದ್ದು ಅಮೆರಿಕದ ಬ್ಯೂಕ್ ಕಾರುಗಳ 1939ರ ಮಾದರಿಯಲ್ಲಿ. ಅದಕ್ಕೆ ಮುಂಚೆ, ಮತ್ತು ಯೂರೋಪಿನಲ್ಲಿ ಆಮೇಲೂ ಬಹಳ ವರ್ಷ, ಬಾಗಿಲ ಕಂಬದಿಂದ ಹೊರಚಾಚುವ ಪುಟ್ಟ ದೀಪದ ಕೈ ಇರುತ್ತಿತ್ತು. ಮಿನುಗು ದೀಪ ಗೆದ್ದದ್ದು ಅದರಲ್ಲಿ ಮುರಿಯುವ ಕೈ ಇಲ್ಲವೆಂಬ ಕಾರಣಕ್ಕೆ.

ಅದರ ಗುಟ್ಟು ಡ್ಯಾಶ್‌ಬೋರ್ಡಿನ ಕೆಳಗಿನ ಸಣ್ಣ ಡಬ್ಬಿಯಲ್ಲಿದೆ. ಹಳೆಯ ಫ್ಲ್ಯಾಷರಿನ ಒಳಗೆ ಎರಡು ಲೋಹ ಬೆಸೆದ ಪಟ್ಟಿಯೋ ಕಾದಾಗ ಹಿಗ್ಗುವ ತಂತಿಯೋ ಇರುತ್ತದೆ. ದೀಪಗಳಿಗೆ ಹೋಗುವ ಕರೆಂಟು ಇದನ್ನು ಕಾಯಿಸುತ್ತದೆ, ಕಾದದ್ದು ಬಾಗಿ ಸಂಪರ್ಕ ಕಡಿಯುತ್ತದೆ, ತಣಿದು ಮತ್ತೆ ಕೂಡುತ್ತದೆ. ಕೆಲವು ಮಾದರಿಗಳಲ್ಲಿ ಈ ಕ್ರಮ ತಿರುವುಮುರುವಾಗಿದೆ, ತತ್ವ ಮಾತ್ರ ಒಂದೇ. ಮುಂದೊಂದು ಹಿಂದೊಂದು 21 ವ್ಯಾಟಿನ ಬಲ್ಬು, 12 ವೋಲ್ಟು, ಒಂದಕ್ಕೆ 1.75 ಆಂಪಿಯರ್, ಎರಡಕ್ಕೆ ಮೂರೂವರೆ. ಡಬ್ಬಿಯ ಲೆಕ್ಕವೆಲ್ಲ ಈ ಮೂರೂವರೆ ಆಂಪಿಯರಿನ ಮೇಲೆ ನಿಂತಿದೆ. ಒಂದು ಬಲ್ಬು ಹೋದರೆ, ಅಥವಾ ದಾರಿಯಲ್ಲಿ ಎಲ್ಲಿಯಾದರೂ ಜಂಗು ಹಿಡಿದು ಕರೆಂಟು ಕಡಿಮೆಯಾದರೆ, ಪಟ್ಟಿ ಸಾಕಷ್ಟು ಕಾಯುವುದಿಲ್ಲ. ಮಿನುಗು ನಿಧಾನವಾಗುತ್ತದೆ, ಇಲ್ಲವೆ ದೀಪ ಹತ್ತಿಯೇ ಇರುತ್ತದೆ, ಇಲ್ಲವೆ ಹತ್ತುವುದೇ ಇಲ್ಲ.

ಆಮೇಲೆ ಬಂದ ಎಲೆಕ್ಟ್ರಾನಿಕ್ ಫ್ಲ್ಯಾಷರು ಕರೆಂಟನ್ನು ಅಳೆಯುತ್ತದೆ, ತಾಳವನ್ನು ತಾನೇ ಹಾಕುತ್ತದೆ. ಒಂದು ಬಲ್ಬು ಹೋದರೆ ಅದು ಬೇಕೆಂದೇ ದುಪ್ಪಟ್ಟು ವೇಗದಲ್ಲಿ ಮಿನುಗಿ ಡ್ರೈವರನಿಗೆ ಸುದ್ದಿ ಮುಟ್ಟಿಸುತ್ತದೆ. ಒಂದೇ ದೋಷಕ್ಕೆ ಒಂದು ಕಾರು ನಿಧಾನ, ಇನ್ನೊಂದು ಕಾರು ಗಡಿಬಿಡಿ. ನಿಮ್ಮ ಗಾಡಿಯಲ್ಲಿ ಯಾವುದಿದೆ ಎಂದು ತಿಳಿಯಬೇಕೆಂದರೆ ಒಂದು ಬಲ್ಬ್ ತೆಗೆದು ಸ್ವಿಚ್ ಹಾಕಿ ನೋಡಿದರೆ ಸಾಕು. ಅಂತರರಾಷ್ಟ್ರೀಯ ಮಾನಕದ ಪ್ರಕಾರ ಮಿನುಗು ನಿಮಿಷಕ್ಕೆ 60ಕ್ಕಿಂತ ಕಡಿಮೆ ಇರಬಾರದು, 120ಕ್ಕಿಂತ ಹೆಚ್ಚಾಗಬಾರದು. ಕೈಗಡಿಯಾರ ಹಿಡಿದು ಎಣಿಸಿದರೆ ಅದೇ ಮೊದಲ ಪರೀಕ್ಷೆ.

ಎಣಿಸುವಾಗ ಎಂಜಿನ್ ಚಾಲೂ ಇರಲಿ. ಕಾಯಿಸುವ ಮಾದರಿಯ ಫ್ಲ್ಯಾಷರು ವೋಲ್ಟೇಜಿಗೆ ತಕ್ಕಂತೆ ಕುಣಿಯುತ್ತದೆ. ಐಡಲಿನಲ್ಲಿ ಎಳೆದೆಳೆದು ಮಿನುಗಿ, ರೇಸ್ ಕೊಟ್ಟಾಗ ಚುರುಕಾದರೆ ಇಂಡಿಕೇಟರನ್ನು ಬಿಟ್ಟು ಬ್ಯಾಟರಿ ಟರ್ಮಿನಲ್, ಬೆಲ್ಟು, ಆಲ್ಟರ್ನೇಟರ್ ಕಡೆ ನೋಡಬೇಕು. ನಿಂತ ಬ್ಯಾಟರಿ 12.6 ವೋಲ್ಟಿನ ಆಸುಪಾಸು, ಎಂಜಿನ್ ಓಡುವಾಗ 14ರ ಸುತ್ತಮುತ್ತ ಇದ್ದರೆ ಅಲ್ಲಿ ತಕರಾರಿಲ್ಲ.

ಎರೆ, ಸವಳು, ರಾಶಿ

ಬೆಂಗಳೂರಿನಲ್ಲಿ ಇರುವ ಅದೇ ವಯಸ್ಸಿನ ಕಾರಿಗೂ ರೋಣದ ಕಾರಿಗೂ ಒಂದು ವ್ಯತ್ಯಾಸವಿದೆ. ಇಲ್ಲಿಯ ಎರೆಮಣ್ಣು ಬೇಸಿಗೆಯಲ್ಲಿ ಹಿಟ್ಟಿನಷ್ಟು ಸಣ್ಣ ಧೂಳಾಗಿ ದೀಪದ ರಬ್ಬರಿನ ಸಂದಿಯೊಳಗೆ ಹೋಗಿ ಕೂರುತ್ತದೆ. ಮಳೆ ಬಿದ್ದರೆ ಅದೇ ಧೂಳು ನೀರು ಹಿಡಿದಿಟ್ಟುಕೊಂಡು ದಿನಗಟ್ಟಲೆ ತೇವ ಬಿಡುವುದಿಲ್ಲ. ಕಬ್ಬಿಣದ ತಗಡಿನ ಮೇಲೆ ಕೂತ ಹಸಿ ಎರೆ ಜಂಗು ಹಿಡಿಸುವುದರಲ್ಲಿ ಬರಿ ನೀರಿಗಿಂತ ಚಾಣಾಕ್ಷ.

ಅದರ ಮೇಲೆ ಸವಳು. ಮಲಪ್ರಭಾ ಕಾಲುವೆಯ ನೀರುಂಡ ನರಗುಂದ ಸೀಮೆಯ ರೈತರಿಗೆ ಸವಳು-ಜವಳು ಏನೆಂದು ಹೇಳಿಕೊಡಬೇಕಿಲ್ಲ. ಉಪ್ಪು ಕರಗಿದ ನೀರಿನಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ, ಅಂದರೆ ಲೋಹ ಕೂಡ ಬೇಗ ತಿಂದುಹೋಗುತ್ತದೆ. ಸವಳು ಬೋರಿನ ನೀರಿನಿಂದ ಗಾಡಿ ತೊಳೆದಾಗ ಹಿತ್ತಾಳೆಯ ಹೋಲ್ಡರಿನಲ್ಲಿ ಹಸಿರು ಕಿಲುಬು ಕಾಣಿಸಿಕೊಳ್ಳುವುದು ಇದರಿಂದಲೇ. ವಾಟರ್ ಸರ್ವಿಸಿಂಗ್ ಮಾಡಿಸಿದ ಮರುದಿನ ಇಂಡಿಕೇಟರು ಹೋಯಿತು ಎಂಬ ದೂರು ಕೇಳಿದರೆ ನನಗೆ ಸಂಶಯವೇ ಬರುವುದಿಲ್ಲ. ಪ್ರೆಶರಿನ ಪೈಪು ಹಿಂದಿನ ದೀಪದ ಮೇಲೆ ಬಿದ್ದಿದೆ, ರಬ್ಬರು ಮೊದಲೇ ಬಿರಿದಿದೆ.

ಸುಗ್ಗಿಯದು ಇನ್ನೊಂದು ಕಥೆ. ಹೆಸರು, ಹುರುಳಿ, ಕಡಲೆಯ ಬಳ್ಳಿಯನ್ನು ಡಾಂಬರು ರಸ್ತೆಯ ಮೇಲೆ ಹರವಿ ಗಾಡಿಗಳಿಂದ ತುಳಿಸುವ ರೂಢಿ ನಮ್ಮಲ್ಲಿ ಹೋಗಿಲ್ಲ. ಕಣ ಇಲ್ಲದ ರೈತನ ಕಷ್ಟ ಬೇರೆ ಮಾತು. ಒಣ ಬಳ್ಳಿ ಗಾಡಿಯ ಅಡಿಗೆ ಸುತ್ತಿಕೊಂಡರೆ ಬಿಸಿ ಸೈಲೆನ್ಸರಿಗೆ ತಾಗಿ ಬೆಂಕಿಯೂ ಹತ್ತೀತು. ಬೆಂಕಿ ಹತ್ತದೆ ಪಾರಾದ ಗಾಡಿಯಲ್ಲೂ ಹಿಂದಿನ ದೀಪಗಳಿಗೆ ಹೋಗುವ ವೈರಿನ ಕಟ್ಟನ್ನು ಬಳ್ಳಿ ಜಗ್ಗಿ ಕ್ಲಿಪ್ಪಿನಿಂದ ಬಿಡಿಸಿರುತ್ತದೆ. ಜೋತುಬಿದ್ದ ವೈರು ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಕವಚ ಸವೆಯುತ್ತದೆ. ತಗ್ಗಿನಲ್ಲಿ ಬಿದ್ದಾಗ ಮಾತ್ರ ಬಾಡಿಗೆ ತಾಗಿ ಫ್ಯೂಸ್ ಹಾರಿಸುತ್ತದೆ. ಇದನ್ನು ಫ್ಲ್ಯಾಷರ್ ಬದಲಿಸಿ ಸರಿಮಾಡುವ ಬಗೆ ನನಗೆ ತಿಳಿಯದು. ದನದ ಕೊಟ್ಟಿಗೆಯ ಪಕ್ಕ, ಬಣವಿಯ ಬದಿಗೆ ನಿಲ್ಲಿಸುವ ಗಾಡಿಗೆ ಇಲಿಯ ಕಾಟವೂ ಇದೆ. ಇಲಿ ಕಡಿದ ವೈರು ಪೂರ್ತಿ ತುಂಡಾಗದೆ ನಾಲ್ಕೈದು ಎಳೆ ಉಳಿಸಿಕೊಂಡಿದ್ದರೆ, ಹತ್ತಿದರೆ ಹತ್ತಿತು, ಇಲ್ಲಂದರೆ ಇಲ್ಲ.

2009ರಲ್ಲೂ 2019ರಲ್ಲೂ ಮಲಪ್ರಭೆ ಉಕ್ಕಿದಾಗ ಕೊಣ್ಣೂರು, ಲಖಮಾಪುರದಂಥ ಹೊಳೆಸಾಲಿನ ಊರುಗಳಿಗೆ ನೀರು ನುಗ್ಗಿತು. ನೀರಲ್ಲಿ ನಿಂತ ಕಾರು ತಿಂಗಳೊಳಗೆ ಓಡಾಡಬಹುದು, ಆದರೆ ಕೆಸರು ನೀರು ವೈರಿನ ಕಡಿದ ತುದಿಯಿಂದ ಕವಚದ ಒಳಗೇ ಎಳೆಗಳ ನಡುವೆ ಏರಿ ಹೋಗಿರುತ್ತದೆ. ಹೊರಗೆ ಬಣ್ಣ ಚೆನ್ನಾಗಿದೆ, ಒಳಗೆ ತಾಮ್ರ ಕಪ್ಪಾಗಿದೆ. ಅಂಥ ವೈರನ್ನು ಒಂದೆರಡು ಬೆರಳಿನಷ್ಟು ಸುಲಿದರೆ ಸಾಲದು. ಕೆಂಪು ತಾಮ್ರ ಕಾಣುವವರೆಗೂ ಕತ್ತರಿಸುತ್ತ ಹೋಗಬೇಕು. ಕಪ್ಪಾದ ತಾಮ್ರಕ್ಕೆ ಸೋಲ್ಡರ್ ಹಿಡಿಯುವುದಿಲ್ಲ. ಹಳೆ ಕಾರು ಕೊಳ್ಳುವವರು ಹೊಳೆಸಾಲಿನ ಗಾಡಿಯಾದರೆ ಕಾರ್ಪೆಟ್ ಎತ್ತಿ ನೋಡುವುದು ಒಳ್ಳೆಯದು.

ಅರ್ಥ್ ಎಂಬ ಮರೆತ ದಾರಿ

ಕಾರಿನಲ್ಲಿ ದೀಪಕ್ಕೆ ಬರುವ ಕರೆಂಟಿಗೆ ವೈರು ಇದೆ. ಹಿಂದಿರುಗುವ ಕರೆಂಟಿಗೆ ಹಳೆಯ ಗಾಡಿಗಳಲ್ಲಿ ಕಾರಿನ ತಗಡೇ ದಾರಿ. ದೀಪದ ಹೋಲ್ಡರು ತಗಡಿಗೆ ತಾಗುವ ಒಂದು ಸ್ಕ್ರೂ, ಒಂದು ಪಟ್ಟಿ, ಅದರಡಿಯ ಒಂದು ವಾಷರು, ಇಷ್ಟರ ಮೇಲೆ ಎಲ್ಲ ನಿಂತಿದೆ. ಬಣ್ಣ ಹೊಡೆಸುವಾಗ ಆ ಸ್ಕ್ರೂ ಕೂಡುವ ಜಾಗಕ್ಕೂ ಬಣ್ಣ ಬಿದ್ದಿದ್ದರೆ ಕೂಡಿಕೆ ಅಲ್ಲೇ ಅರ್ಧ ಕೆಟ್ಟಿತು. ಗಾಡಿ ಹೊಸ ಬಣ್ಣದಲ್ಲಿ ಹೊಳೆಯುತ್ತಿದೆ, ಇಂಡಿಕೇಟರು ಅಂದಿನಿಂದ ಕಾಟ ಕೊಡುತ್ತಿದೆ ಎನ್ನುವವರು ಈ ಎರಡನ್ನೂ ಜೋಡಿಸಿ ನೋಡುವುದಿಲ್ಲ.

ಕೆಟ್ಟ ಅರ್ಥ್ ಎಷ್ಟು ಕಿತ್ತುಕೊಳ್ಳುತ್ತದೆ? ಉರಿಯುವ 21 ವ್ಯಾಟಿನ ಬಲ್ಬಿನ ರೋಧ ಸುಮಾರು 7 ಓಮ್. ಅರ್ಥಿನ ಕೂಡಿಕೆಯಲ್ಲಿ ಜಂಗಿನಿಂದ ಬರೇ ಒಂದು ಓಮ್ ಸೇರಿಕೊಂಡರೂ ಬಲ್ಬಿಗೆ ಸಿಗುವುದು ಹತ್ತೂವರೆ ವೋಲ್ಟು. ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ಜೋರಾಗಿ ಇಳಿಯುವುದರಿಂದ ಮೂರನೇ ಒಂದಕ್ಕಿಂತ ಹೆಚ್ಚು ಬೆಳಕು ಅಲ್ಲಿಗೆ ಹೋಯಿತು. ಇದು ಇಂಡಿಕೇಟರು ಒಂಟಿಯಾಗಿ ಉರಿಯುವಾಗಿನ ಲೆಕ್ಕ. ಹಿಂದಿನ ದೀಪದ ಡಬ್ಬಿಯಲ್ಲಿ 5 ವ್ಯಾಟಿನ ಟೇಲ್ ಲ್ಯಾಂಪು, 21 ವ್ಯಾಟಿನ ಬ್ರೇಕ್ ಲೈಟು, 21 ವ್ಯಾಟಿನ ಇಂಡಿಕೇಟರು ಮೂರಕ್ಕೂ ಒಂದೇ ಅರ್ಥ್. ಮೂರು ಹೊಲದ ನೀರು ಒಂದೇ ಬಸಿಗಾಲುವೆಗೆ ಬಿದ್ದಂತೆ. ಕಾಲುವೆ ಹೂಳಿದ್ದರೆ ಮೂರೂ ಹೊಲದಲ್ಲಿ ನೀರು ನಿಲ್ಲುತ್ತದೆ. ಆದ್ದರಿಂದಲೇ ಹಗಲು ಸರಿಯಾಗಿದ್ದ ಇಂಡಿಕೇಟರು ರಾತ್ರಿ ಲೈಟ್ ಹಾಕಿದ ಮೇಲೆ ಮಂಕಾಗುತ್ತದೆ, ಬ್ರೇಕ್ ಒತ್ತಿದರೆ ನಿಂತೇಬಿಡುತ್ತದೆ. ತಿರುವಿನಲ್ಲಿ ಡ್ರೈವರ್ ಬ್ರೇಕ್ ಒತ್ತುವುದೂ ಇಂಡಿಕೇಟರ್ ಹಾಕುವುದೂ ಒಟ್ಟಿಗೇ. ಅಂದರೆ ದೋಷ ಕಾಣಿಸಿಕೊಳ್ಳುವುದು ದೀಪ ನಿಜವಾಗಿ ಬೇಕಾದ ಗಳಿಗೆಯಲ್ಲೇ. ಗ್ಯಾರೇಜಿನ ಮುಂದೆ ಬ್ರೇಕ್ ಬಿಟ್ಟು ನಿಂತ ಗಾಡಿಯಲ್ಲಿ ಅದು ಕಾಣದು.

ಅರ್ಥ್ ಪೂರ್ತಿ ಕಡಿದರೆ ಇನ್ನೂ ವಿಚಿತ್ರ. ಎಡ ಇಂಡಿಕೇಟರ್ ಹಾಕಿದರೆ ಟೇಲ್ ಲ್ಯಾಂಪು, ನಂಬರ್ ಪ್ಲೇಟಿನ ದೀಪ ಮಿಣುಕು ಮಿಣುಕು ಅನ್ನುತ್ತವೆ. ಇಂಡಿಕೇಟರಿನ ಕರೆಂಟು ತನ್ನ ದಾರಿ ಸಿಗದೆ ಪಕ್ಕದ ಟೇಲ್ ಲ್ಯಾಂಪಿನ ತಂತಿಯೊಳಗೆ ಹಿಂದುಮುಂದಾಗಿ ನುಗ್ಗಿ, ಆ ವೈರು ಹಿಡಿದು ಗಾಡಿಯ ಇನ್ನೊಂದು ಬದಿಯ ದೀಪದ ಅರ್ಥಿಗೆ ಹೋಗಿ ಸೇರುತ್ತದೆ. ಮಿಸ್ತ್ರಿ ಇದನ್ನು ಕಂಡು "ಎಲ್ಲಾ ಶಾರ್ಟ್ ಆಗ್ಯಾವು, ವೈರಿಂಗ್ ಹೋಗೈತಿ" ಎಂದು ತೀರ್ಪು ಕೊಟ್ಟರೆ ಒಪ್ಪಬೇಡಿ. ಶಾರ್ಟ್ ಆಗಿದ್ದರೆ ಫ್ಯೂಸ್ ಹಾರುತ್ತಿತ್ತು. ಇದು ಕಳೆದುಹೋದ ಒಂದು ಸ್ಕ್ರೂವಿನ ಆಟ.

ಪರೀಕ್ಷೆ ಸರಳ. ಒಂದು ಉದ್ದ ವೈರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೆ, ಇನ್ನೊಂದನ್ನು ಹೋಲ್ಡರಿನ ಲೋಹಕ್ಕೆ ಹಿಡಿಯಿರಿ. ಮಂಕು ದೀಪ ತಟ್ಟನೆ ಚುರುಕಾದರೆ ಕಳ್ಳ ಸಿಕ್ಕ. ಮೀಟರ್ ಇದ್ದವರು ದೀಪ ಉರಿಯುವಾಗ ಹೋಲ್ಡರಿನ ಲೋಹ ಮತ್ತು ಬ್ಯಾಟರಿ ನೆಗೆಟಿವ್ ನಡುವೆ ವೋಲ್ಟ್ ನೋಡಲಿ, 0.2ರೊಳಗೆ ಇದ್ದರೆ ಒಳ್ಳೆಯದು, 0.5 ದಾಟಿದರೆ ಬಿಚ್ಚಿ ಉಜ್ಜಬೇಕು. ಓಮ್ ಅಳೆಯುವ ಪರೀಕ್ಷೆಯನ್ನು ಇಲ್ಲಿ ನಂಬಲಾಗದು. ಒಂದೇ ಎಳೆ ಉಳಿದ ವೈರು ಕೂಡ ಮೀಟರಿಗೆ ಸಾಬೂತಾಗಿ ಕಾಣುತ್ತದೆ, ಮೂರೂವರೆ ಆಂಪಿಯರ್ ಹೊರಿಸಿದಾಗ ಅದರ ಬಣ್ಣ ಬಯಲಾಗುತ್ತದೆ.

ಇದೇ ದೋಷ ಟ್ರ್ಯಾಕ್ಟರಿನ ಟ್ರೇಲರಿಗೂ ಇದೆ. ಅರ್ಥಿಗೆ ಬೇರೆ ವೈರು ಎಳೆಯದೆ ಕೊಂಡಿಯನ್ನೇ ನಂಬಿದ ಟ್ರೇಲರಿನಲ್ಲಿ, ಗ್ರೀಸು ಮೆತ್ತಿದ ಕೊಂಡಿಯ ಮೂಲಕ ಹಿಂದಿನ ದೀಪ ಹತ್ತಬೇಕು. ಸಂಜೆ ಹೊತ್ತು ದೀಪವಿಲ್ಲದೆ ಬರುವ ಟ್ರೇಲರಿಗೆ ಎಷ್ಟೋ ಸಲ ಬೇಕಾದದ್ದು ಒಂದು ಮಾರುದ್ದದ ಕಪ್ಪು ವೈರು ಅಷ್ಟೆ.

ದೋಷವನ್ನು ಕರೆಸುವುದು

ಕಾಣದ ದೋಷವನ್ನು ಸರಿಮಾಡಲು ಬರುವುದಿಲ್ಲ. ಮೊದಲು ಅದನ್ನು ಕರೆಸಬೇಕು. ಇದಕ್ಕೆ ಸಾಕ್ಷಿ ಹೇಳಬೇಕಾದವನು ಕಾರು ಓಡಿಸುವವನು: ಎರಡೂ ಬದಿ ಹೋಗುತ್ತದೋ ಒಂದೇ ಬದಿಯೋ? ಒಂದೇ ಬದಿಯಾದರೆ ಮುಂದಿನದೋ ಹಿಂದಿನದೋ? ಬೆಳಗಿನ ತಂಪಿನಲ್ಲೋ, ಮಧ್ಯಾಹ್ನ ಕಾದ ಮೇಲೋ? ಗಜೇಂದ್ರಗಡದ ಗುಡ್ಡದ ದಾರಿಯಲ್ಲಿ ಸ್ಟಿಯರಿಂಗ್ ಪೂರ್ತಿ ತಿರುವಿದಾಗ ಮಾತ್ರವೋ? ವೈಪರ್, ಬ್ರೇಕ್ ಲೈಟ್ ಕೂಡ ಜೊತೆಗೇ ಹೋಗುತ್ತವೆಯೋ? ಈ ಉತ್ತರಗಳಲ್ಲೇ ಅರ್ಧ ರಿಪೇರಿ ಇದೆ.

ಎರಡೂ ಬದಿ ಒಟ್ಟಿಗೆ ಹೋದರೆ ಫ್ಯೂಸ್, ಫ್ಲ್ಯಾಷರ್, ಅವೆರಡರ ನಡುವಿನ ದಾರಿ. ಹಳೆ ಲೂಕಾಸ್ ಮಾದರಿಯ ವೈರಿಂಗಿನಲ್ಲಿ ಇಂಡಿಕೇಟರು, ಬ್ರೇಕ್ ಲೈಟು, ವೈಪರು ಒಂದೇ ಫ್ಯೂಸಿನ ಮನೆಯವರು. ಮೂರೂ ಕೈಕೊಟ್ಟರೆ ಗಾಜಿನ ಫ್ಯೂಸಿನ ಹಿಡಿಕೆ ಸಡಿಲಾಗಿದೆ ಎಂದೇ ಹಿಡಿಯಿರಿ. ಫ್ಯೂಸು ನೋಡಲು ಚೆನ್ನಾಗಿದ್ದರೂ ಹಿಡಿಕೆ ಕಪ್ಪಾಗಿರಬಹುದು. ಹಝಾರ್ಡ್ ಸ್ವಿಚ್ ಇರುವ ಬಹಳಷ್ಟು ಗಾಡಿಗಳಲ್ಲಿ ಇಂಡಿಕೇಟರಿನ ಕರೆಂಟು ಆ ಸ್ವಿಚ್ಚನ್ನು ಹಾದೇ ಬರುತ್ತದೆ. ವರ್ಷಗಟ್ಟಲೆ ಒತ್ತದ ಸ್ವಿಚ್ಚಿನ ಒಳಗೆ ಧೂಳು, ಕಿಲುಬು. ಹತ್ತಿಪ್ಪತ್ತು ಸಲ ಒತ್ತಿ ಬಿಟ್ಟು ಮಾಡಿದ ಮೇಲೆ ಇಂಡಿಕೇಟರು ಸರಿಹೋದರೆ ರೋಗ ಗೊತ್ತಾಯಿತು. (ನಾಲ್ಕೂ ದೀಪ ಮಿನುಗಿಸುತ್ತ ಸರ್ಕಲಿನಲ್ಲಿ ನೇರ ಹೋಗುವ ಚಾಳಿಯವರ ಗಾಡಿಯಲ್ಲಿ ಈ ರೋಗ ಬರಲಿಕ್ಕಿಲ್ಲ. ಅವರ ರೋಗ ಬೇರೆ.)

ಒಂದೇ ಬದಿ ಹೋದರೆ ಫ್ಲ್ಯಾಷರಿನ ಮೇಲೆ ಅನುಮಾನ ಬೇಡ. ಅದು ಎರಡೂ ಬದಿಗೆ ಒಂದೇ. ಆಗ ಉಳಿಯುವುದು ಸ್ಟಿಯರಿಂಗಿನ ಕಾಂಬಿನೇಷನ್ ಸ್ವಿಚ್ಚು, ಅಲ್ಲಿಂದ ಹಿಂದಕ್ಕೆ ಹೋಗುವ ವೈರು, ಬಲ್ಬು, ಹೋಲ್ಡರು, ಅರ್ಥು. ಸ್ವಿಚ್ಚಿನ ಹಿಡಿಯನ್ನು ಬೆರಳಿಂದ ಮೆಲ್ಲಗೆ ಮೇಲೆ ಕೆಳಗೆ ಅದುಮಿ ಹಿಡಿದಾಗ ಹತ್ತಿದರೆ ಸ್ವಿಚ್ಚಿನ ಒಳಗಿನ ತಾಮ್ರದ ತುಣುಕು ಸವೆದಿದೆ. ಸ್ಟಿಯರಿಂಗ್ ತಿರುವಿದಾಗ ಬಂದು ಹೋದರೆ ಕಾಲಮ್ಮಿನ ಕೆಳಗೆ ಬಾಗಿ ಬಾಗಿ ಒಳಗೇ ಮುರಿದ ವೈರು. ಬಲ್ಬಿನಲ್ಲೂ ಮೋಸವಿದೆ: ತಂತಿ ಕಡಿದು ಎರಡು ತುದಿಗಳು ಒಂದರ ಮೇಲೊಂದು ಕೂತಿದ್ದರೆ ಅದು ಉರಿಯುತ್ತದೆ, ಗಾಡಿ ಕುಲುಕಿದಾಗ ಆರುತ್ತದೆ. ಅಗ್ಗದ ಬಲ್ಬಿನ ಬುಡದ ಸೀಸದ ಗುಂಡು ಕಾವಿಗೆ ಚಪ್ಪಟೆಯಾಗಿ ಹೋಲ್ಡರಿನ ಸ್ಪ್ರಿಂಗಿಗೆ ಎಟುಕುವುದಿಲ್ಲ. 21 ವ್ಯಾಟಿನ ಜಾಗಕ್ಕೆ 10 ವ್ಯಾಟಿನದನ್ನು ತುರುಕಿದ ಗಾಡಿಗಳೂ ಇವೆ.

ಇನ್ನು ಈ ಕೆಲಸದ ಅತಿ ಉಪಯೋಗದ ಉಪಾಯ. ಮಿನುಗುವ ದೀಪದಲ್ಲಿ ಸಡಿಲ ಕೂಡಿಕೆ ಹುಡುಕುವುದು ಕಷ್ಟ. ಆರಿದ್ದು ಮಿನುಗಿನಿಂದಲೋ ದೋಷದಿಂದಲೋ ತಿಳಿಯದು, ಮೀಟರಿನ ಅಂಕಿಯೂ ಕುಣಿಯುತ್ತಿರುತ್ತದೆ. ಆದ್ದರಿಂದ ಮಿನುಗನ್ನೇ ತೆಗೆದುಬಿಡಿ. ಫ್ಲ್ಯಾಷರನ್ನು ಸಾಕೆಟ್ಟಿನಿಂದ ಕಿತ್ತು, ಸಾಕೆಟ್ಟಿನ 'ಬಿ' ಮತ್ತು 'ಎಲ್' ತೂತುಗಳ ನಡುವೆ 10 ಆಂಪಿಯರಿನ ಫ್ಯೂಸ್ ಇರುವ ವೈರಿನ ತುಂಡು ಕೂಡಿಸಿ. ಮೂರನೆಯದನ್ನು ಮುಟ್ಟಬೇಡಿ, ಅದು 'ಇ' ಆಗಿದ್ದರೆ ಅರ್ಥ್, ಬ್ಯಾಟರಿ ನೇರ ಶಾರ್ಟ್ ಆಗುತ್ತದೆ. ಈಗ ಸ್ವಿಚ್ ಎಡಕ್ಕೆ ಹಾಕಿದರೆ ಎಡದ ಎರಡೂ ದೀಪ ಮಿನುಗದೆ ಉರಿಯುತ್ತವೆ. ಅವು ಗಟ್ಟಿಯಾಗಿ ಉರಿದರೆ, ಕುಲುಕಿದರೂ ಬ್ರೇಕ್ ಒತ್ತಿದರೂ ಅಲುಗದಿದ್ದರೆ, ಆಗ ಫ್ಲ್ಯಾಷರನ್ನೋ ಅದರ ಸಾಕೆಟ್ಟಿನ ಹಿಡಿತವನ್ನೋ ದೂರಬಹುದು. ಎಲೆಕ್ಟ್ರಾನಿಕ್ ಫ್ಲ್ಯಾಷರಿನ ಒಳಗೆ ಸೋಲ್ಡರ್ ಬಿರಿಯುವುದು ಸುಳ್ಳಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದಾಗ ಜೀವ ಬಂದರೆ ಅದನ್ನು ಬದಲಿಸಲೇಬೇಕು. ಉರಿಯುವ ದೀಪ ಒಮ್ಮೆಯಾದರೂ ಕಣ್ಣು ಮಿಟುಕಿಸಿದರೆ ಫ್ಲ್ಯಾಷರ್ ನಿರಪರಾಧಿ. ಆಗ ಒಬ್ಬರು ದೀಪ ನೋಡುತ್ತ ನಿಲ್ಲಲಿ, ಇನ್ನೊಬ್ಬರು ಡ್ಯಾಶ್‌ಬೋರ್ಡಿನಿಂದ ಹಿಂದಿನವರೆಗೆ ಗೇಣು ಗೇಣಾಗಿ ವೈರು ಅಲುಗಿಸುತ್ತ ಹೋಗಲಿ. ಮಳೆಯಲ್ಲಿ ಮಾತ್ರ ಬರುವ ದೋಷವಾದರೆ ಗಿಡಕ್ಕೆ ಔಷಧಿ ಹೊಡೆಯುವ ಪಂಪನ್ನು ಚೆನ್ನಾಗಿ ತೊಳೆದು ಬರಿ ನೀರು ಸಿಂಪಡಿಸಿ ನೋಡಬಹುದು.

ಅಂಬಾಸಡರಿನಂಥ ಗಾಡಿಯಲ್ಲಿ ಮೂಲ ವೈರಿಂಗ್ ಉಳಿದಿದ್ದರೆ ಬಣ್ಣ ದಾರಿ ತೋರುತ್ತದೆ. ಬ್ರಿಟಿಷ್ ಪದ್ಧತಿಯಲ್ಲಿ ಹಸಿರಿನ ಮೇಲೆ ಕೆಂಪು ಗೆರೆ ಎಡಕ್ಕೆ, ಹಸಿರಿನ ಮೇಲೆ ಬಿಳಿ ಗೆರೆ ಬಲಕ್ಕೆ, ಕಪ್ಪು ಅರ್ಥ್. ಆದರೆ ಹತ್ತು ಕೈ ದಾಟಿದ ಗಾಡಿಯಲ್ಲಿ ಸಿಕ್ಕ ಬಣ್ಣದ ವೈರು ಸೇರಿಸಿರುತ್ತಾರೆ, ಬಣ್ಣವನ್ನು ನಂಬಿ ಕೂಡಿಸಬೇಡಿ, ಟೆಸ್ಟ್ ಲ್ಯಾಂಪು ನಂಬಿ.

ಸಿಕ್ಕ ಮೇಲೆ ರಿಪೇರಿ ಚಿಕ್ಕದು. ಅರ್ಥಿನ ಜಾಗವನ್ನು ಪಾಲಿಶ್ ಪೇಪರಿನಿಂದ ಬೆಳ್ಳಗೆ ತಗಡು ಕಾಣುವವರೆಗೂ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಬಿಗಿದ ಮೇಲೆ ವ್ಯಾಸಲೀನ್ ಸವರಬೇಕು. ಬಿಗಿಯುವ ಮೊದಲು ಸವರಿದರೆ ಉಪಯೋಗ ಕಡಿಮೆ. ಇದಕ್ಕಿಂತ ಒಳ್ಳೆಯದು, ಹಿಂದಿನ ಎರಡೂ ದೀಪದ ಡಬ್ಬಿಗಳಿಂದ ಒಂದೊಂದು ಬೇರೆ ಕಪ್ಪು ವೈರನ್ನು ಒಳಗಿನ ಗಟ್ಟಿ ಬೋಲ್ಟಿಗೆ ಎಳೆಯುವುದು. ಸ್ವಿಚ್ಚಿನ ಒಳಗಿನ ಸಣ್ಣ ಸಂಪರ್ಕಗಳಿಗೆ ಒರಟು ಪೇಪರ್ ಹಾಕಬಾರದು, ಲೇಪ ಹೋದರೆ ಮತ್ತೆ ಬೇಗ ಕಪ್ಪಾಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಎರಡು ವೈರು ಹೊಸೆದು ಟೇಪ್ ಸುತ್ತುವ ರೂಢಿಯನ್ನು ಮಾತ್ರ ನಾನು ಯಾವ ರಿಯಾಯಿತಿಯೂ ಇಲ್ಲದೆ ಬೈಯುತ್ತೇನೆ. ನಮ್ಮ ಬಿಸಿಲಿಗೆ ಟೇಪಿನ ಅಂಟು ಕರಗಿ ಜಾರುತ್ತದೆ, ಒಳಗೆ ಎರೆಧೂಳು ಸೇರುತ್ತದೆ. ನಾಳೆಯ ದೋಷವನ್ನು ಇವತ್ತೇ ಕಟ್ಟಿ ಇಟ್ಟಂತಾಯಿತು. ಕ್ರಿಂಪ್ ಮಾಡಿಸಿ, ಇಲ್ಲವೆ ಸೋಲ್ಡರ್ ಮಾಡಿಸಿ ಮೇಲೆ ಸ್ಲೀವ್ ಹಾಕಿಸಿ.

ಎಲ್‌ಇಡಿಯೂ ಕಾಯ್ದೆಯೂ

ಎಲ್‌ಇಡಿ ಬಲ್ಬು ಹಾಕಿದರೆ ಕಾಟ ತಪ್ಪುತ್ತದೆ ಎಂಬ ಮಾತು ಪೇಟೆಯಲ್ಲಿದೆ. ಎಲ್‌ಇಡಿ ಕೆಲವೇ ವ್ಯಾಟು ತಿನ್ನುವುದರಿಂದ ಜಂಗಿನ ಕೂಡಿಕೆಯಲ್ಲೂ ಹತ್ತುತ್ತದೆ, ನಿಜ. ಆದರೆ ಹಳೆ ಫ್ಲ್ಯಾಷರಿಗೆ ಬೇಕಾದ ಮೂರೂವರೆ ಆಂಪಿಯರ್ ಸಿಗದೆ ಅದು ಮಿನುಗುವುದೇ ಇಲ್ಲ, ಅಥವಾ ಎಲೆಕ್ಟ್ರಾನಿಕ್ ಆಗಿದ್ದರೆ ಅಂಕೆ ತಪ್ಪಿ ಮಿನುಗುತ್ತದೆ. ಅದಕ್ಕೆ ಎಲ್‌ಇಡಿಗೆ ಒಗ್ಗುವ ಫ್ಲ್ಯಾಷರ್ ಹಾಕಬೇಕು, ಇಲ್ಲವೆ ರೆಸಿಸ್ಟರ್ ಕೂಡಿಸಬೇಕು. ರೆಸಿಸ್ಟರು ಕೈ ಸುಡುವಷ್ಟು ಕಾಯುತ್ತದೆ, ಪ್ಲಾಸ್ಟಿಕ್ಕಿಗೆ ತಾಗಬಾರದು. ಮೇಲಾಗಿ 21 ವ್ಯಾಟಿನ ತಂತಿಗೆಂದು ಮಾಡಿದ ಪ್ರತಿಫಲಕದಲ್ಲಿ ಅಗ್ಗದ ಎಲ್‌ಇಡಿ ನೇರ ಹಿಂದಿನವರಿಗೆ ಕಂಡರೂ ಓರೆಯಿಂದ ಬರುವ ಬೈಕಿನವನಿಗೆ ಮಂಕು. ಬಿಳಿ, ನೀಲಿ ಇಂಡಿಕೇಟರಿನ ಶೋಕಿ ಬೇರೆ. ಇಂಡಿಕೇಟರಿನ ಬಣ್ಣ ಹಳದಿಗೆಂಪು ಎಂದು ನಿಯಮವೇ ಹೇಳುತ್ತದೆ. ಕೂಡಿಕೆ ಸರಿಮಾಡಿದ ಮೇಲೆ ಎಲ್‌ಇಡಿ ಹಾಕಿದರೆ ನನ್ನ ಅಭ್ಯಂತರವಿಲ್ಲ. ಕೂಡಿಕೆಯ ಬದಲಿಗೆ ಹಾಕಿದರೆ ದೋಷ ಮುಚ್ಚಿಟ್ಟಂತೆ. ಅದೇ ಕೆಟ್ಟ ಅರ್ಥ್ ಬ್ರೇಕ್ ಲೈಟಿನದೂ ಹೌದು.

1988ರ ಮೋಟಾರು ವಾಹನ ಕಾಯ್ದೆಯ 121ನೇ ಕಲಮು ತಿರುವಿನ ಸೂಚನೆ ಕೊಡುವುದನ್ನು ಡ್ರೈವರನ ಹೊಣೆ ಮಾಡಿದೆ. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ಗಾಡಿಯನ್ನು ಆರ್‌ಟಿಒ ಮುಂದೆ ನಿಲ್ಲಿಸಬೇಕು. 2022ರ ಏಪ್ರಿಲ್‌ನಿಂದ ಈ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. ಹಣ ಏರಿದ್ದೇನೋ ಹೌದು, ತಪಾಸಣೆ ನಡೆಯುವುದು ನಿಂತ ಗಾಡಿಗೆ, ಹಗಲಿನಲ್ಲಿ. ಟೇಲ್ ಲ್ಯಾಂಪ್ ಹಾಕಿ, ಬ್ರೇಕ್ ಒತ್ತಿಸಿ ಎರಡೂ ಇಂಡಿಕೇಟರು ನೋಡದಿದ್ದರೆ ಈ ಜಾತಿಯ ದೋಷ ಪಾಸಾಗಿ ಹೊರಬರುತ್ತದೆ. ಮೂರು ಸ್ವಿಚ್ಚು ಒಟ್ಟಿಗೆ ಹಾಕಿಸಿ ನೋಡುವುದಕ್ಕೆ ಇನ್ಸ್‌ಪೆಕ್ಟರಿಗೆ ಅರ್ಧ ನಿಮಿಷ ಸಾಕು.

ರಿಪೇರಿ ಆಗುವವರೆಗೆ ಕೈಸನ್ನೆ ಇದೆ: ಬಲಕ್ಕೆ ಹೊರಳುವಾಗ ಬಲಗೈ ನೇರ ಹೊರಗೆ, ಅಂಗೈ ಮುಂದಕ್ಕೆ, ಎಡಕ್ಕಾದರೆ ಅದೇ ಕೈಯನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ತಿರುವುವುದು. ಕತ್ತಲಲ್ಲಿ ಅದು ಯಾರಿಗೂ ಕಾಣದು. ನಮ್ಮ ಹೆದ್ದಾರಿಯಲ್ಲಿ ಇಂಡಿಕೇಟರಿಗೇ ಒಂದು ಅರ್ಥ ಉಳಿದಿಲ್ಲ. ಲಾರಿಯವನು ಬಲ ಇಂಡಿಕೇಟರ್ ಹಾಕಿದರೆ ಹೊರಳುತ್ತಾನೋ, ದಾಟಿ ಹೋಗು ಎನ್ನುತ್ತಾನೋ ಹಿಂದಿನವನೇ ಊಹಿಸಬೇಕು. ಅಂಥಲ್ಲಿ ಎರಡು ಸಲ ಮಿನುಗಿ ನಿಲ್ಲುವ ದೀಪ, ದೀಪವೇ ಇಲ್ಲದ್ದಕ್ಕಿಂತ ಅಪಾಯ. ಅದನ್ನು ಕಂಡವನು ನೀವು ಮನಸ್ಸು ಬದಲಿಸಿದಿರಿ ಎಂದುಕೊಳ್ಳುತ್ತಾನೆ.

ಗ್ಯಾರೇಜಿಗೆ ಹೋಗುವ ಮುನ್ನ ಯಾವ ಬದಿ, ಯಾವ ದೀಪ, ಯಾವಾಗ, ಯಾವುದರ ಜೊತೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಇಡೀ ವೈರಿಂಗ್ ಬದಲಿಸಬೇಕು ಎಂದು ಯಾರಾದರೂ ಹೇಳಿದರೆ ಎಲ್ಲಿ ಕಡಿದಿದೆ ತೋರಿಸು ಎಂದು ಕೇಳಿ. ತೋರಿಸಿದರೆ ಬದಲಿಸಿ. ತೋರಿಸದಿದ್ದರೆ ಹಿಂದಿನ ದೀಪದ ಅರ್ಥ್ ಸ್ಕ್ರೂ ಬಿಚ್ಚಿ, ಉಜ್ಜಿ, ಬಿಗಿದು ಕೊಡಲು ಹೇಳಿ, ಅದರ ಕೂಲಿ ಕೊಟ್ಟು ಬನ್ನಿ.